ಮಣೆಯೊಳಗಣ ಚಿತ್ತಾರ

ನಮ್ಮ ಹಳೆಯ ಅಡುಗೆಮನೆಗಳಲ್ಲಿ ಅಲಗು ನಿಂತಲ್ಲೇ ನಿಂತಿರುತ್ತಿತ್ತು, ಚಲಿಸುತ್ತಿದ್ದುದು ತರಕಾರಿ. ಈಳಿಗೆಮಣೆಯೆನ್ನಿ, ಮೆಟ್ಟುಗತ್ತಿಯೆನ್ನಿ, ಅದರ ಮಣೆಯನ್ನು ಕಾಲಿನಿಂದ ಮೆಟ್ಟಿ ಕುಳಿತವರು ಬದನೆಯನ್ನೋ ಸೌತೆಯನ್ನೋ ಎರಡೂ ಕೈಗಳಲ್ಲಿ ಹಿಡಿದು ಅಲಗಿಗೆ ಒತ್ತುತ್ತಿದ್ದರು. ಅಲ್ಲಿ ಅಲಗು ಮರಕ್ಕೆ ತಗಲುವ ಪ್ರಸಂಗವೇ ಇಲ್ಲ. ನಿಂತು ಅಡುಗೆ ಮಾಡುವ ಪಾಶ್ಚಾತ್ಯರಲ್ಲಿ, ಚೀನೀಯರಲ್ಲಿ ಕ್ರಮ ಬೇರೆ. ತರಕಾರಿ ಮಲಗಿರುತ್ತದೆ, ಚಾಕು ಮೇಲಿನಿಂದ ಇಳಿಯುತ್ತದೆ. ಇಳಿದ ಚಾಕು ತರಕಾರಿಯನ್ನು ದಾಟಿ ಬಂದು ನಿಲ್ಲುವುದಕ್ಕೆ ಕೆಳಗೊಂದು ಮಣೆ ಬೇಕು. ಇಂದು ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿಯೂ ಈ ಕ್ರಮವೇ ಬಂದು ನೆಲೆಸಿದೆ. ಚಾಕುವಿನೊಡನೆ ಮಣೆಯೂ ಬಂದಿದೆ.

ಹೀಗೆ ದಿನವೂ ನೂರಾರು ಏಟು ತಿನ್ನುವ ಈ ಮಣೆಯನ್ನು ಮಾಡುವುದರಲ್ಲಿ ಏನು ಮಹಾ ವಿಶೇಷವಿದ್ದೀತು ಎಂದು ಯಾರಿಗಾದರೂ ತೋರಬಹುದು. ಒಂದು ಹಲಗೆ, ನಾಲ್ಕು ಮೂಲೆ, ಅಷ್ಟೇ ತಾನೆ? ಆದರೆ ಅಮೆರಿಕ, ಕೆನಡ ಮತ್ತು ಯೂರೋಪಿನ ದೇಶಗಳಲ್ಲಿ ಮನೆಯ ಹಿಂಬದಿಯ ಕೊಟ್ಟಿಗೆಯಲ್ಲಿ ಮರಗೆಲಸವನ್ನು ಹವ್ಯಾಸವಾಗಿ ಮಾಡುವವರು ಒಂದು ಬಗೆಯ ಮಣೆಯನ್ನು ತಮ್ಮ ಕೌಶಲದ ಪರೀಕ್ಷೆಯೆಂದೇ ಭಾವಿಸುತ್ತಾರೆ. ಅದರ ಮೇಲ್ಮೈಯಲ್ಲಿ ಚದುರಂಗದ ಮನೆಗಳಿರುತ್ತವೆ, ಇಟ್ಟಿಗೆಯ ಗೋಡೆಯ ಸಾಲುಗಳಿರುತ್ತವೆ, ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳಂತೆ ಕಣ್ಣನ್ನು ಮೋಸಗೊಳಿಸುವ ವಿನ್ಯಾಸಗಳಿರುತ್ತವೆ. ಮೊದಲ ನೋಟಕ್ಕೆ ಇದು ಬಣ್ಣ ಬಳಿದು ಬರೆದ ಚಿತ್ರವೆನ್ನಿಸುತ್ತದೆ. ಹಾಗಲ್ಲ. ಮಣೆಯನ್ನು ಅರ್ಧ ದಪ್ಪಕ್ಕೆ ಸವೆಯಿಸಿದರೂ ಅದೇ ಚಿತ್ರ ಅದೇ ಸ್ಥಳದಲ್ಲಿ ಕಾಣುತ್ತದೆ. ಮೈಸೂರಿನ ಬೀಟೆಮರದ ಕೆತ್ತುಗೂಡಿನ ಚಿತ್ರಗಳಲ್ಲಿ ಬೇರೆ ಬೇರೆ ಬಣ್ಣದ ಮರದ ತುಣುಕುಗಳು ಮೇಲ್ಮೈಯಲ್ಲಿ ಕುಳಿತಿರುತ್ತವೆ. ಇಲ್ಲಿ ಚಿತ್ತಾರವೇ ಮಣೆ, ಮಣೆಯೇ ಚಿತ್ತಾರ. ಇದು ಹೇಗೆ ಸಾಧ್ಯ, ಇದರ ಹಿಂದಿರುವ ಮರದ ಧರ್ಮವೇನು ಎಂಬುದು ಈ ಭಾಷಣದ ವಿಷಯ.

ಮೊದಲು ಮರವನ್ನೇ ನೋಡೋಣ. ಮರವೆಂದರೆ ಕಲ್ಲಿನಂತೆ, ಲೋಹದಂತೆ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾದ ವಸ್ತುವಲ್ಲ. ಅದು ಬುಡದಿಂದ ತುದಿಯತ್ತ ಸಾಗಿದ ಸೂಕ್ಷ್ಮವಾದ ಎಳೆಗಳ ಕಟ್ಟು. ಮೇಪಲ್, ವಾಲ್‌ನಟ್‌ನಂಥ ಅಗಲ ಎಲೆಯ ಮರಗಳಲ್ಲಿ ಒಂದೊಂದು ಎಳೆ ಸುಮಾರು 1 ಮಿಲಿಮೀಟರ್ ಉದ್ದ; ಅದರ ದಪ್ಪ ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನ ಆಸುಪಾಸು. ನಡುನಡುವೆ ನೀರು ಹರಿದ ನಾಳಗಳು. ತೆಂಗಿನ ಕಡ್ಡಿಯ ಪೊರಕೆಯೊಂದನ್ನು ಬಿಗಿಯಾಗಿ ಕಟ್ಟಿ ಕೈಯಲ್ಲಿ ಹಿಡಿದಿದ್ದೀರೆಂದು ಭಾವಿಸಿ. ಅದನ್ನು ಮಲಗಿಸಿ ಮೇಲಿನಿಂದ ನೋಡಿದರೆ ಉದ್ದುದ್ದ ಗೆರೆಗಳು ಕಾಣುತ್ತವೆ. ಸಾಧಾರಣ ಹಲಗೆಯ ಮುಖ ಇದೇ. ಪೊರಕೆಯನ್ನು ನಿಲ್ಲಿಸಿ ಕಟ್ಟಿನ ತುದಿಯನ್ನು ನೋಡಿದರೆ ಸಾವಿರ ಚುಕ್ಕೆಗಳು ಕಾಣುತ್ತವೆ. ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದಾಗ ನಮಗೆ ದೊರೆಯುವ, ವರ್ಷದ ಉಂಗುರಗಳು ಕಾಣುವ ಮುಖ ಇದು. ಇದನ್ನು ಅನುಕೂಲಕ್ಕಾಗಿ ತುದಿಮುಖ ಎಂದು ಕರೆಯೋಣ.

ಮಲಗಿಸಿದ ಪೊರಕೆಯ ಮೇಲೆ ಚಾಕುವಿನಿಂದ ಹೊಡೆದರೆ ಕಡ್ಡಿಗಳು ತುಂಡಾಗುತ್ತವೆ. ನಿಲ್ಲಿಸಿದ ಪೊರಕೆಯ ತುದಿಯ ಮೇಲೆ ಹೊಡೆದರೆ ಅಲಗು ಕಡ್ಡಿಗಳ ನಡುವೆ ಜಾರಿ ಇಳಿಯುತ್ತದೆ. ತೆಗೆದ ಮೇಲೆ ಕಡ್ಡಿಗಳು ಮತ್ತೆ ಕೂಡಿಕೊಳ್ಳುತ್ತವೆ. ಮರದಲ್ಲಿಯೂ ಬಹುಮಟ್ಟಿಗೆ ನಡೆಯುವುದು ಇದೇ. ಎಳೆಯ ಉದ್ದಕ್ಕೆ ಕೊಯ್ದ ಹಲಗೆಯ ಮೇಲೆ ಪ್ರತಿ ಏಟಿಗೂ ಒಂದು ಗಾಯ ಉಳಿಯುತ್ತದೆ. ತುದಿಮುಖದ ಮೇಲೆ ಗಾಯಗಳು ಅಷ್ಟು ಬೇಗ ಕಾಣವು; ಚಾಕುವಿನ ಹದವೂ ಹೆಚ್ಚು ದಿನ ಬಾಳುತ್ತದೆ.

ಈ ಸತ್ಯ ಕಸುಬಿನವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಮಾಂಸದ ಅಂಗಡಿಗಳಲ್ಲಿರುವ ಹುಣಸೆಮರದ ಕೊರಡನ್ನು ನೋಡಿ. ಅದನ್ನು ಎಂದೂ ಮಲಗಿಸುವುದಿಲ್ಲ; ಕಾಂಡದ ತುಂಡನ್ನು ನಿಲ್ಲಿಸಿ, ಅಡ್ಡ ಕೊಯ್ದ ಮುಖದ ಮೇಲೆಯೇ ಕತ್ತಿ ಬೀಳುವಂತೆ ಇಡುತ್ತಾರೆ. ಚೀನೀಯರ ಅಡುಗೆಮನೆಯ ದುಂಡನೆಯ ದಪ್ಪ ಮಣೆ ಸಹ ಕಾಂಡದ ಒಂದು ಬಿಲ್ಲೆಯೇ. ಆದರೆ ಇಡೀ ಬಿಲ್ಲೆಗೆ ಒಂದು ದೊಡ್ಡ ತೊಡಕುಂಟು. ಮರ ಒಣಗುವಾಗ ಉಂಗುರದ ಜಾಡಿನಲ್ಲಿ ಕುಗ್ಗುವಷ್ಟು ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಗಡುಸು ಮೇಪಲ್ ಮರ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರದ ಜಾಡಿನಲ್ಲಿ ನೂರಕ್ಕೆ 9.9ರಷ್ಟು, ತಿರುಳಿನಿಂದ ಹೊರಕ್ಕೆ ನೂರಕ್ಕೆ 4.8ರಷ್ಟು ಕುಗ್ಗುತ್ತದೆ. ಸುತ್ತಳತೆ ಹೆಚ್ಚು ಕುಗ್ಗಬಯಸುತ್ತದೆ, ತ್ರಿಜ್ಯ ಅಷ್ಟು ಕುಗ್ಗಲೊಲ್ಲದು. ಈ ಜಗ್ಗಾಟದಲ್ಲಿ ಬಿಲ್ಲೆ ನಡುವಿನಿಂದ ಅಂಚಿನವರೆಗೆ ಬಿರಿಯುತ್ತದೆ. ಹುಣಸೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಸೀಳದು. ಎಲ್ಲ ಮರಗಳಿಗೂ ಆ ಗುಣವಿಲ್ಲ.

ಬಿರುಕಿನಿಂದ ಪಾರಾಗಲು ಇರುವ ಉಪಾಯ ಸರಳವಾದದ್ದು. ತಿರುಳನ್ನು ಬಿಟ್ಟು, ಚೆನ್ನಾಗಿ ಒಣಗಿದ ಮರದ ಸಣ್ಣ ಸಣ್ಣ ತುಂಡುಗಳನ್ನು ನಿಲ್ಲಿಸಿ ಒಂದಕ್ಕೊಂದು ಅಂಟಿಸಿ ದೊಡ್ಡ ಮುಖವನ್ನು ಮಾಡಿಕೊಳ್ಳುವುದು. ಅಮೆರಿಕದ ಕಸಾಯಿ ಅಂಗಡಿಗಳ ಮೇಪಲ್ ಮರದ ದಪ್ಪ ದಿಮ್ಮಿಗಳು ಹೀಗೆ ಕೂಡಿಸಿ ಮಾಡಿದವು. ಹೇಗಿದ್ದರೂ ತುಂಡುಗಳನ್ನು ಕೂಡಿಸಲೇಬೇಕಾದ ಮೇಲೆ, ಕೆಲವು ಬಿಳಿಯ ತುಂಡು, ಕೆಲವು ಕರಿಯ ತುಂಡು ಏಕಾಗಬಾರದು? ಬಾಳಿಕೆಗಾಗಿ ಬಂದ ಅಗತ್ಯದ ಬೆನ್ನ ಹಿಂದೆಯೇ ಅಲಂಕಾರ ಬಂತು. ಚಿತ್ತಾರದ ಮಣೆಯ ಹುಟ್ಟನ್ನು ಅರ್ಥಮಾಡಿಕೊಳ್ಳಲು ಈ ಅನುಕ್ರಮವನ್ನು ನೆನಪಿನಲ್ಲಿಡಬೇಕು.

ಇನ್ನು ಮರದ ಆಯ್ಕೆ. ಮರ ಗಡುಸಾಗಿರಬೇಕು, ಆದರೆ ಚಾಕುವನ್ನು ಮೊಂಡು ಮಾಡುವಷ್ಟು ಅಲ್ಲ. ನಾಳಗಳು ಅತಿ ಸಣ್ಣವಾಗಿರಬೇಕು. ಉತ್ತರ ಅಮೆರಿಕದಲ್ಲಿ ಬಿಳುಪಿಗೆ ಗಡುಸು ಮೇಪಲ್, ಕಡು ಕಂದಿಗೆ ಅಕ್ರೋಟಿನ ಜಾತಿಯ ಕಪ್ಪು ವಾಲ್‌ನಟ್, ನಡುವಣ ಕೆಂಗಂದಿಗೆ ಚೆರ್ರಿ, ಈ ಮೂರನ್ನು ಹೆಚ್ಚಾಗಿ ಬಳಸುತ್ತಾರೆ. ಅಲ್ಲಿಯೇ ಧಾರಾಳವಾಗಿ ದೊರೆಯುವ ಕೆಂಪು ಓಕ್ ಮರವನ್ನು ಬಿಡುತ್ತಾರೆ. ಕಾರಣವನ್ನು ಒಂದು ಸಣ್ಣ ಪ್ರಯೋಗ ಹೇಳುತ್ತದೆ. ಕೆಂಪು ಓಕ್‌ನ ಗೇಣುದ್ದದ ಕೋಲಿನ ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಬಲವಾಗಿ ಊದಿದರೆ ನೀರಿನಲ್ಲಿ ಗುಳ್ಳೆಗಳೇಳುತ್ತವೆ! ಅದರ ನಾಳಗಳು ಅಷ್ಟು ಅಗಲ, ಅಷ್ಟು ತೆರವು. ಗಾಳಿ ನುಗ್ಗುವಲ್ಲಿ ಮಾಂಸದ ರಸವೂ ನುಗ್ಗೀತು. ನಮ್ಮಲ್ಲಿ ಈ ಕೆಲಸಕ್ಕೆ ಕೈಹಾಕುವವರು ತೇಗವನ್ನು ಬಳಸಬಹುದು. ಅದು ಕುಗ್ಗುವುದು ಕಡಿಮೆ, ಆದರೆ ಅದರಲ್ಲಿ ಮರಳಿನ ಅಂಶವಿರುವುದರಿಂದ ಹತ್ಯಾರಗಳು ಬೇಗ ಮೊಂಡಾಗುತ್ತವೆ. ಬೀಟೆಯ ಕಡುಬಣ್ಣ ಮೋಹಕವಾದರೂ ಅದರ ಹುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ. ಹಾಗೆ ನೋಡಿದರೆ ಯಾವ ಮರದ ಹುಡಿಯೂ ನಿರಪಾಯಕಾರಿಯಲ್ಲ. ಮರದ ಹುಡಿಯನ್ನು 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು. ಮೂಗು ಬಾಯಿಗಳಿಗೆ ಮುಸುಕಿಲ್ಲದೆ ಈ ಕೆಲಸ ಮಾಡಕೂಡದು.

ಈಗ ವಿಧಾನಕ್ಕೆ ಬರೋಣ. ಚದುರಂಗದ ಮಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. 4 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪ, 40 ಸೆಂಟಿಮೀಟರ್ ಉದ್ದದ ಹತ್ತು ಪಟ್ಟಿಗಳು ಬೇಕು. ಐದು ಮೇಪಲ್, ಐದು ವಾಲ್‌ನಟ್. ತೋಪಡ ಹಿಡಿದು ಒಂದೊಂದರ ಬದಿಯನ್ನೂ ನೇರ ಮಾಡಿ, ಮೂಲೆಮಟ್ಟ ಇಟ್ಟು ಪರೀಕ್ಷಿಸಬೇಕು. ಬಿಳಿ, ಕರಿ, ಬಿಳಿ, ಕರಿ ಎಂದು ಜೋಡಿಸಿ, ಬದಿಗಳಿಗೆ ಅಂಟು ಹಚ್ಚಿ, ಕ್ಲಾಂಪುಗಳಿಂದ ಬಿಗಿದು ಒಂದು ರಾತ್ರಿ ಬಿಡಬೇಕು. ಅಂಟು ನೀರಿಗೆ ಜಗ್ಗದ ಜಾತಿಯದಾಗಿರಬೇಕು. ಪೀಠೋಪಕರಣಗಳಿಗೆ ಬಳಸುವ ಸಾಧಾರಣ ಬಿಳಿಯ ಅಂಟು ದಿನವೂ ತೊಳೆಯುವ ಮಣೆಗೆ ಸಾಲದು. ಬೆಳಗಾಗುವ ಹೊತ್ತಿಗೆ ನಮ್ಮ ಕೈಯಲ್ಲಿ 40 ಸೆಂಟಿಮೀಟರ್ ಅಗಲದ, ಪಟ್ಟೆಪಟ್ಟೆಯ ಹಲಗೆಯೊಂದು ಇರುತ್ತದೆ. ಅದನ್ನು ಎರಡೂ ಕಡೆ ಸಮತಟ್ಟು ಮಾಡಬೇಕು. ಇಲ್ಲಿಗೆ ಮೊದಲ ಅಂಟಿಕೆ ಮುಗಿಯಿತು.

ಇನ್ನು ಮಾಡಬೇಕಾದದ್ದು ಕೇಳಿದವರಿಗೆ ವಿಚಿತ್ರವೆನ್ನಿಸೀತು. ಇಷ್ಟು ಶ್ರಮಪಟ್ಟು ಕೂಡಿಸಿದ ಹಲಗೆಯನ್ನು ಪಟ್ಟೆಗಳಿಗೆ ಅಡ್ಡವಾಗಿ ಮತ್ತೆ ಕೊಯ್ದು ತುಂಡು ಮಾಡಬೇಕು. ಒಂದೊಂದು ತುಂಡೂ 4 ಸೆಂಟಿಮೀಟರ್ ಅಗಲ. ಗರಗಸದ ಬಾಯಿಗೆ ಪ್ರತಿ ಸಲವೂ ಸುಮಾರು 3 ಮಿಲಿಮೀಟರ್ ಹೋಗುವುದರಿಂದ, ಎಂಟು ತುಂಡುಗಳಿಗೆ 34 ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದ ಬೇಕಾಗುತ್ತದೆ. ಉಳಿದದ್ದು ತುದಿಗಳನ್ನು ಸವರುವುದಕ್ಕೆ. ಈ ಎಂಟು ತುಂಡುಗಳನ್ನು ಒಂದೊಂದಾಗಿ ಕಾಲು ಸುತ್ತು ಹೊರಳಿಸಿ ನಿಲ್ಲಿಸಿದರೆ ಇಷ್ಟು ಹೊತ್ತೂ ಬದಿಯಲ್ಲಿ ಅಡಗಿದ್ದ ತುದಿಮುಖ ಮೇಲಕ್ಕೆ ಬರುತ್ತದೆ. ಬಳಿಕ ಒಂದನ್ನು ಬಿಟ್ಟು ಒಂದನ್ನು ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಬೇಕು. ಬಿಳಿಯ ಪಕ್ಕಕ್ಕೆ ಕರಿ, ಕರಿಯ ಪಕ್ಕಕ್ಕೆ ಬಿಳಿ ಬಂದು ಚದುರಂಗದ ಮನೆಗಳು ತಾವಾಗಿ ಮೂಡುತ್ತವೆ. ಹತ್ತು ಎಂಬ ಸಮಸಂಖ್ಯೆಯನ್ನು ಆರಿಸಿದ್ದೇಕೆಂದು ಈಗ ತಿಳಿಯಿತಲ್ಲವೆ? ಪಟ್ಟಿಗಳು ಒಂಬತ್ತೋ ಹನ್ನೊಂದೋ ಆಗಿದ್ದರೆ ಎರಡು ತುದಿಗಳಲ್ಲಿಯೂ ಒಂದೇ ಬಣ್ಣವಿದ್ದು, ತಿರುಗಿಸಿದರೂ ಫಲವಿಲ್ಲ. ಹೀಗೆ ಜೋಡಿಸಿದ್ದನ್ನು ಮತ್ತೊಮ್ಮೆ ಅಂಟು ಹಚ್ಚಿ ಬಿಗಿದರೆ 40 ಸೆಂಟಿಮೀಟರ್ ಉದ್ದ, 32 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪದ ಮಣೆ ಸಿದ್ಧ.

ಇಲ್ಲಿ ಒಂದು ಸೂಕ್ಷ್ಮವಿದೆ. ಮರದ ತುದಿಮುಖ ಅಂಟನ್ನು ಹೀರಿಬಿಡುವುದರಿಂದ ತುದಿಗೆ ತುದಿ ಸೇರಿಸಿದ ಜೋಡಣೆ ಬಲವಾಗಿರುವುದಿಲ್ಲ. ಇದು ಪ್ರತಿಯೊಬ್ಬ ಬಡಗಿಗೂ ಗೊತ್ತು. ನಮ್ಮ ಮಣೆಯಲ್ಲಿ ತುದಿಮುಖಗಳು ಮೇಲೆ ಮತ್ತು ಕೆಳಗೆ ಇವೆ. ಒಂದಕ್ಕೊಂದು ಅಂಟಿದವೆಲ್ಲ ಎಳೆಯ ಪಕ್ಕಗಳೇ. ಆದ್ದರಿಂದಲೇ ಎಂಬತ್ತು ಚೂರುಗಳ ಈ ಮಣೆ ಒಂದೇ ಮರದಷ್ಟು ಗಟ್ಟಿಯಾಗಿರಬಲ್ಲುದು.

ಕೂಡಿಸುವುದು, ಕೊಯ್ಯುವುದು, ತಿರುಗಿಸುವುದು, ಮತ್ತೆ ಕೂಡಿಸುವುದು: ಚಿತ್ತಾರದ ವ್ಯಾಕರಣವೆಲ್ಲ ಈ ನಾಲ್ಕು ಕ್ರಿಯೆಗಳಲ್ಲಿದೆ. ತುಂಡುಗಳನ್ನು ತಿರುಗಿಸುವ ಬದಲು ಅರ್ಧ ಮನೆಯಷ್ಟು ಸರಿಸಿದರೆ ಇಟ್ಟಿಗೆಯ ಗೋಡೆಯಾಗುತ್ತದೆ. ಪಟ್ಟಿಗಳ ಅಗಲವನ್ನು ಬೇರೆ ಬೇರೆಯಾಗಿಟ್ಟರೆ ಲಯ ಬದಲಾಗುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಪೆಟ್ಟಿಗೆಗಳ ವಿನ್ಯಾಸ. ಪಟ್ಟಿಯ ಅಡ್ಡಕೊಯ್ತ ಚೌಕವಾಗಿರುವ ಬದಲು 60 ಮತ್ತು 120 ಡಿಗ್ರಿ ಕೋನಗಳ ವಜ್ರಾಕೃತಿಯಾಗಿರಬೇಕು. ಬಿಳಿ, ಕೆಂಗಂದು, ಕಡುಗಂದು ಮೂರು ಪಟ್ಟಿಗಳನ್ನು ಕೂಡಿಸಿದರೆ ಆರು ಮೂಲೆಯ ಒಂದು ಕಂಬ ದೊರೆಯುತ್ತದೆ. ಅದನ್ನು ಅಡ್ಡಕ್ಕೆ ಕೊಯ್ದ ಪ್ರತಿ ಬಿಲ್ಲೆಯೂ ಬೆಳಕು ಒಂದು ಕಡೆಯಿಂದ ಬಿದ್ದ ಪೆಟ್ಟಿಗೆಯಂತೆ ಕಾಣುತ್ತದೆ. ವಿನ್ಯಾಸ ಹೊಸದಲ್ಲ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪೊಂಪೆ ನಗರದ ‘ಫಾನ್ ಮನೆ’ ಎಂಬ ಭವನದ ನೆಲದಲ್ಲಿ ಇದೇ ಪೆಟ್ಟಿಗೆಗಳನ್ನು ಮೂರು ಬಣ್ಣದ ಕಲ್ಲಿನಲ್ಲಿ ಮಾಡಿದ್ದಾರೆ. ಆದರೆ ಕಲ್ಲಿನ ಕೆಲಸಗಾರ ಒಂದೊಂದು ಪೆಟ್ಟಿಗೆಯನ್ನೂ ಬೇರೆಬೇರೆಯಾಗಿ ಜೋಡಿಸಬೇಕಾಗಿತ್ತು. ಮರದ ಕೆಲಸಗಾರ ಕಂಬವನ್ನು ಒಮ್ಮೆ ಕೂಡಿಸಿದರೆ ಸಾಕು, ಕೊಯ್ದಷ್ಟೂ ಪೆಟ್ಟಿಗೆಗಳು. ಪತ್ರೊಡೆಯ ಸುರುಳಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದಾಗ ಪ್ರತಿ ಬಿಲ್ಲೆಯಲ್ಲಿಯೂ ಅದೇ ಹಸಿರು ಸುರುಳಿ ಕಾಣುವುದಿಲ್ಲವೆ? ಹಾಗೆಯೇ ಇದು.

ಈ ಯುಕ್ತಿಯನ್ನು ಅತ್ಯಂತ ಸೂಕ್ಷ್ಮವಾಗಿ ದುಡಿಸಿಕೊಂಡವರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಪ್ರದೇಶದ ಕುಶಲಕರ್ಮಿಗಳು. ಕೆಂಟ್ ಸೀಮೆಯ ಆ ಊರಿನ ಖನಿಜಜಲದ ಬುಗ್ಗೆಗೆ ಬರುತ್ತಿದ್ದ ಪ್ರವಾಸಿಗಳಿಗೆ ಅವರು ಚಿತ್ತಾರದ ಪೆಟ್ಟಿಗೆಗಳನ್ನು ಮಾರುತ್ತಿದ್ದರು. ಕಡ್ಡಿಯಷ್ಟು ತೆಳುವಾದ ಬೇರೆ ಬೇರೆ ಮರದ ಕೋಲುಗಳನ್ನು ಕಂತೆ ಕಟ್ಟಿ ಅಂಟಿಸಿ, ಕಂತೆಯನ್ನು ಅಡ್ಡಕ್ಕೆ ತೆಳುವಾಗಿ ಕೊಯ್ದರೆ ಒಂದೊಂದು ಪದರದಲ್ಲಿಯೂ ಅದೇ ಹೂವು, ಅದೇ ಹಕ್ಕಿ. ಬಣ್ಣಗಳು ಬಹುಪಾಲು ಮರದವೇ. ಹಸಿರಿಗಾಗಿ ಒಂದು ಬಗೆಯ ಬೂಷ್ಟು ಹಿಡಿದು ತಾನಾಗಿ ಹಸಿರಾದ ಓಕ್ ಮರವನ್ನು ಕಾಡಿನಿಂದ ಹುಡುಕಿ ತರುತ್ತಿದ್ದರು! ಆ ಪದರಗಳನ್ನು ಪೆಟ್ಟಿಗೆಯ ಮೇಲೆ ಅಂಟಿಸಿದರು. ಹೆಚ್ಚುವ ಮಣೆಯಲ್ಲಿ ಕಂತೆಯ ದಪ್ಪ ಬಿಲ್ಲೆಯೇ ವಸ್ತುವಾಗುತ್ತದೆ. ವ್ಯತ್ಯಾಸ ಇಷ್ಟೆ.

ಇಷ್ಟೆಲ್ಲ ಕೇಳಿದ ಮೇಲೆ ಇದು ಲೆಕ್ಕಾಚಾರದ ಆಟವೆಂದು ತೋರಬಹುದು. ಕಾಗದದ ಮೇಲೆ ಬರೆದ ಯಾವ ವಿನ್ಯಾಸವನ್ನಾದರೂ ಮರದಲ್ಲಿ ಮಾಡಬಹುದೆಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ಹೊಸಬರು ಮಣೆಗೆ ಅಂದವಾದ ಚೌಕಟ್ಟೊಂದು ಇರಲೆಂದು ನಾಲ್ಕು ಕಡೆಗೂ ಉದ್ದನೆಯ ಪಟ್ಟಿಗಳನ್ನು ಅಂಟಿಸುತ್ತಾರೆ. ಕೆಲವು ತಿಂಗಳುಗಳಲ್ಲಿ ಚೌಕಟ್ಟಿನ ಮೂಲೆ ಬಾಯಿಬಿಡುತ್ತದೆ, ಇಲ್ಲವೆ ಮಣೆಯ ನಡುವೆಯೇ ಬಿರುಕು ಹಾಯುತ್ತದೆ. ಅಂಟು ಕೆಟ್ಟದ್ದೆಂದು ಅಂಗಡಿಯವನನ್ನು ಬೈಯುತ್ತಾರೆ. ಆದರೆ ಅಪರಾಧ ಅಂಟಿನದಲ್ಲ.

ಮರ ಕಡಿದ ಮೇಲೆಯೂ ಗಾಳಿಯಿಂದ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಹೀರಿದಾಗ ಎಳೆಗಳು ದಪ್ಪವಾಗುತ್ತವೆ, ಉದ್ದವಾಗುವುದಿಲ್ಲವೆಂದೇ ಹೇಳಬಹುದು. ಸಾಧಾರಣ ಹಲಗೆ ಆದಕಾರಣ ಅಗಲದಲ್ಲಿ ಮತ್ತು ದಪ್ಪದಲ್ಲಿ ಮಾತ್ರ ಹಿಗ್ಗುತ್ತದೆ. ಆದರೆ ಎಳೆಗಳು ನಿಂತಿರುವ ನಮ್ಮ ಮಣೆ ಉದ್ದ ಅಗಲ ಎರಡರಲ್ಲಿಯೂ ಹಿಗ್ಗುತ್ತದೆ. ಹಿಗ್ಗದ ದಿಕ್ಕು ದಪ್ಪವೊಂದೇ. ಚಳಿಗಾಲದಲ್ಲಿ ಒಲೆ ಹೊತ್ತಿಸಿ ಕಾಯಿಸಿದ ಅಮೆರಿಕದ ಮನೆಯೊಳಗೆ ಮರದ ತೇವ ನೂರಕ್ಕೆ 6ರ ಹತ್ತಿರಕ್ಕೆ ಇಳಿಯುತ್ತದೆ. ಸೆಕೆಯ ದಿನಗಳಲ್ಲಿ 12ರ ಹತ್ತಿರಕ್ಕೆ ಏರಬಹುದು. ಈ ಅಂತರದಲ್ಲಿ 40 ಸೆಂಟಿಮೀಟರ್ ಉದ್ದದ ಮೇಪಲ್ ಮಣೆ, ಉಂಗುರಗಳ ದಿಕ್ಕನ್ನು ಅನುಸರಿಸಿ, 4ರಿಂದ 8 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅದರ ಪಕ್ಕದಲ್ಲಿ ಎಳೆಯ ಉದ್ದಕ್ಕೆ ಮಲಗಿಸಿ ಅಂಟಿಸಿದ ಚೌಕಟ್ಟಿನ ಪಟ್ಟಿ ಅರ್ಧ ಮಿಲಿಮೀಟರೂ ಬೆಳೆಯುವುದಿಲ್ಲ. ಒಳಗಿನದು ಹಿಗ್ಗುತ್ತದೆ, ಹೊರಗಿನದು ಬಿಡುವುದಿಲ್ಲ. ಯಾವ ಅಂಟು ತಾನೆ ಇದನ್ನು ತಡೆದೀತು? ಚೌಕಟ್ಟು ಬೇಕೇ ಬೇಕೆಂದರೆ ಅದನ್ನೂ ಸಣ್ಣ ತುಂಡುಗಳಾಗಿ ನಿಲ್ಲಿಸಿ, ತುದಿಮುಖ ಮೇಲಿರುವಂತೆಯೇ ಮಾಡಬೇಕು. ಆಗ ಎಲ್ಲವೂ ಒಂದಾಗಿ ಹಿಗ್ಗುತ್ತವೆ, ಒಂದಾಗಿ ಕುಗ್ಗುತ್ತವೆ. ಚಿತ್ತಾರಗಾರ ಬಣ್ಣವನ್ನು ತನ್ನ ಇಚ್ಛೆಯಂತೆ ಆರಿಸಬಹುದು. ಎಳೆಯ ದಿಕ್ಕನ್ನು ಮಾತ್ರ ಮರವೇ ಗೊತ್ತುಮಾಡುತ್ತದೆ. ಈ ಒಂದು ನಿಯಮವನ್ನು ಮೀರಿದ ವಿನ್ಯಾಸ ಎಷ್ಟೇ ಸುಂದರವಾಗಿದ್ದರೂ ಬಾಳುವುದಿಲ್ಲ.

ಮುಗಿತಾಯದ ಕೆಲಸ ಬಹು ನಿಧಾನದ್ದು. ತುದಿಮುಖವನ್ನು ಸಮತಟ್ಟು ಮಾಡಲು ಯಂತ್ರದ ತೋಪಡಕ್ಕೆ ಕೊಟ್ಟರೆ ಅಲಗು ಎಳೆಗಳ ತುದಿಗಳನ್ನು ಕಿತ್ತು ಹಾಕುತ್ತದೆ. ಮಣೆಯೇ ಒಡೆದು ಚೂರು ಸಿಡಿದು ಕೆಲಸಗಾರನಿಗೆ ಪೆಟ್ಟಾಗುವ ಭಯವೂ ಉಂಟು. ಆದ್ದರಿಂದ ಉಪ್ಪುಕಾಗದವೇ ಗತಿ. 80ನೆಯ ನಂಬರಿನ ಒರಟು ಕಾಗದದಿಂದ ಆರಂಭಿಸಿ, ಕ್ರಮವಾಗಿ ನಯವಾದ ಕಾಗದಗಳನ್ನು ಹಿಡಿದು, 220ರವರೆಗೆ ಉಜ್ಜಬೇಕು. ಬಳಿಕ ಒದ್ದೆಬಟ್ಟೆಯಿಂದ ಒರಸಿ, ನೀರಿಗೆ ನಿಮಿರಿದ ಎಳೆಗಳನ್ನು ಒಣಗಿದ ಮೇಲೆ ಮತ್ತೊಮ್ಮೆ ಉಜ್ಜಿ ಕೂರಿಸಬೇಕು. ಕೊನೆಗೆ ಎಣ್ಣೆ. ನಮ್ಮ ಮನೆಗಳಲ್ಲಿ ಕೈಗೆ ಸಿಗುವ ಕಡಲೆಕಾಯಿ ಎಣ್ಣೆಯನ್ನು ಹಚ್ಚುವ ಆಸೆಯಾದೀತು; ಅದು ಮರದೊಳಗೆ ಕಮಟು ಹಿಡಿಯುತ್ತದೆ. ಔಷಧದ ಅಂಗಡಿಯಲ್ಲಿ ದೊರೆಯುವ ಶುದ್ಧವಾದ ಲಿಕ್ವಿಡ್ ಪ್ಯಾರಾಫಿನ್ ಕಮಟುವುದಿಲ್ಲ. ಅದನ್ನು ಮರ ಹೀರುವಷ್ಟೂ ಹಚ್ಚಿ, ಮೇಲೆ ಸ್ವಲ್ಪ ಜೇನುಮೇಣ ತೀಡುತ್ತಾರೆ. ಎಣ್ಣೆ ತಗುಲಿದ ಗಳಿಗೆಯಲ್ಲಿ ಇಷ್ಟು ಹೊತ್ತೂ ಮಸುಕಾಗಿದ್ದ ಬಿಳಿ ಕರಿ ಕೆಂಪುಗಳು ಒಮ್ಮೆಲೇ ಬೇರೆಬೇರೆಯಾಗಿ ಎದ್ದು ನಿಲ್ಲುತ್ತವೆ.

ಮರದ ಮಣೆ ಆರೋಗ್ಯಕ್ಕೆ ಒಳ್ಳೆಯದೆ ಎಂಬ ಪ್ರಶ್ನೆ ಸಹಜವಾದದ್ದು. ಪ್ಲಾಸ್ಟಿಕ್ಕೇ ಶುಚಿ, ಮರ ಕೊಳಕನ್ನು ಹೀರಿಕೊಳ್ಳುತ್ತದೆ ಎಂಬ ಮಾತು ಬಹಳ ಕಾಲ ನಡೆಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೀನ್ ಕ್ಲೈವರ್ ಮತ್ತು ಅವರ ಸಂಗಡಿಗರು ಮರದ ಮಣೆಯನ್ನು ಪ್ಲಾಸ್ಟಿಕ್ಕಿನಷ್ಟು ಸುರಕ್ಷಿತವಾಗಿ ಮಾಡುವ ಉಪಾಯವನ್ನು ಹುಡುಕಲು ಹೊರಟು, 1994ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಬೇರೆಯದೇ ಸಂಗತಿಯನ್ನು ಹೇಳಿದರು. ಮರದ ಮೇಲೆ ಬಿಟ್ಟ ರೋಗಾಣುಗಳು ಬೇಗನೆ ಒಳಕ್ಕೆ ಸೆಳೆಯಲ್ಪಟ್ಟು ಮೇಲ್ಮೈಯಿಂದ ಕಾಣದಾಗುತ್ತಿದ್ದವು. ಒಳಗೆ ಅವು ವೃದ್ಧಿಯಾಗದೆ ಕ್ರಮೇಣ ಸಾಯುತ್ತಿದ್ದವು. ಹೊಸ ಪ್ಲಾಸ್ಟಿಕ್ ಮಣೆಯನ್ನು ತೊಳೆದು ಶುಚಿ ಮಾಡುವುದು ಸುಲಭ. ಚಾಕುವಿನ ಗಾಯಗಳಾದ ಪ್ಲಾಸ್ಟಿಕ್ಕನ್ನು ಶುಚಿ ಮಾಡುವುದು ಕಷ್ಟ. ಇದರಿಂದ ಮರ ತಾನಾಗಿ ಶುದ್ಧವೆಂದು ಯಾರೂ ತಿಳಿಯಬಾರದು. ಹಸಿಮಾಂಸಕ್ಕೆ ಒಂದು ಮಣೆ, ಹಣ್ಣು ತರಕಾರಿಗೆ ಇನ್ನೊಂದು, ಪ್ರತಿ ಸಲವೂ ಬಿಸಿನೀರು ಮತ್ತು ಸಾಬೂನು: ಈ ನಿಯಮ ಎಲ್ಲ ಮಣೆಗಳಿಗೂ ಒಂದೇ.

ಮಣೆಯನ್ನು ಪಡೆದವರ ಹೊಣೆಯೂ ಸ್ವಲ್ಪ ಇದೆ. ನೀರಿನಲ್ಲಿ ನೆನೆಹಾಕಬಾರದು. ತೊಳೆದೊಡನೆ ಒರಸಿ ಎರಡೂ ಮುಖಗಳಿಗೆ ಗಾಳಿಯಾಡುವಂತೆ ನಿಲ್ಲಿಸಿಡಬೇಕು. ಒಂದು ಮುಖ ಮಾತ್ರ ಒದ್ದೆಯಾಗಿದ್ದರೆ ಅದೊಂದೇ ಹಿಗ್ಗಿ ಮಣೆ ಬಾಗುತ್ತದೆ. ಮರ ಬೆಳ್ಳಗೆ ಒಣಗಿದಂತೆ ಕಂಡಾಗ ಮತ್ತೆ ಎಣ್ಣೆ ಕೊಡಬೇಕು. ವರ್ಷಗಳ ಬಳಕೆಯಿಂದ ನಡುವೆ ಹಳ್ಳವಾದರೆ ಮತ್ತೆ ಉಜ್ಜಿ ಸಮ ಮಾಡಬಹುದು. ಮೇಲೆ ಬಳಿದ ಬಣ್ಣವಾಗಿದ್ದರೆ ಅಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಇದು ಹಾಗಲ್ಲವಾದುದರಿಂದ, ಸವೆದ ಪದರದ ಕೆಳಗೆ ಮೊದಲಿನ ಚಿತ್ತಾರವೇ ಹೊಸದಾಗಿ ಸಿಗುತ್ತದೆ.

ಈ ಮಣೆಗೆ ಬೇಕಾದ ಮರ ಹೆಚ್ಚೇನೂ ಅಲ್ಲ. ಮೇಜು ಬೀರು ಮಾಡಿ ಉಳಿದ, ಬೇರೆ ಯಾವ ಕೆಲಸಕ್ಕೂ ಬಾರದ ತುಂಡುಗಳೇ ಎಷ್ಟೋ ಸಲ ಸಾಕಾಗುತ್ತವೆ. ಬೇಕಾದದ್ದು ನೇರವಾದ ಅಂಚು, ಸರಿಯಾದ ಮೂಲೆ, ಅಂಟು ಒಣಗುವವರೆಗೆ ಕಾಯುವ ತಾಳ್ಮೆ, ಎಲ್ಲಕ್ಕಿಂತ ಮೊದಲು ಕೈಯಲ್ಲಿರುವ ತುಂಡು ಯಾವ ದಿಕ್ಕಿನಲ್ಲಿ ಬೆಳೆದದ್ದೆಂಬ ತಿಳಿವು. ನಮ್ಮ ಬಡಗಿಗಳು ಬಾಗಿಲು ಕಿಟಕಿಗಳ ಚೌಕಟ್ಟನ್ನು ಮಾಡುವಾಗ ಮಳೆಗಾಲದಲ್ಲಿ ಮರ ಹಿಗ್ಗುತ್ತದೆಂದು ಎಡೆ ಬಿಡುವುದೂ ಇದೇ ತಿಳಿವಿನಿಂದ. ಅದೇ ತಿಳಿವನ್ನು ಒಂದು ಮೊಳದ ಮಣೆಯೊಳಗೆ ಎಂಬತ್ತು ಸಲ ನೆನೆಯಬೇಕಾಗುತ್ತದೆ, ಅಷ್ಟೇ.